ಮುಕ್ತ ತಂತ್ರಾಂಶವೆಂದರೇನು? ನಮ್ಮ ಕಂಪ್ಯೂಟರು ಕೊಠಡಿಯಿಂದ ಒಂದು ಪಾಠ

ನಮ್ಮ ಶಾಲೆಯ ಕಂಪ್ಯೂಟರು ಕೊಠಡಿಯ ಬಾಗಿಲಿನ ಮೇಲೆ ಸಣ್ಣದೊಂದು ಹಿತ್ತಾಳೆಯ ಫಲಕವುಂಟು. 'ಹಳೆಯ ವಿದ್ಯಾರ್ಥಿನಿಯರ ಕೊಡುಗೆ' ಎಂದಷ್ಟೇ ಅದರಲ್ಲಿ ಕೆತ್ತಿದೆ. ಈ ಸಂಚಿಕೆಯನ್ನು ಓದುತ್ತಿರುವವರಲ್ಲಿ ಅನೇಕರು ತಮ್ಮ ಸಂಬಳದಲ್ಲಿ ಉಳಿಸಿ ಕಳುಹಿಸಿದ ಹಣದಿಂದಲೇ ಅಲ್ಲಿಯ ೨೪ ಯಂತ್ರಗಳು ಬಂದುವು. ಕಳೆದ ವರ್ಷ ಆ ಯಂತ್ರಗಳನ್ನೆಲ್ಲ ಹಳೆಯ ಸಾಮಾನಿನವನಿಗೆ ತೂಗಿ ಕೊಡಬೇಕಾದ ಪ್ರಸಂಗವು ಒದಗಿತ್ತು. ನಾವು ಕೊಡಲಿಲ್ಲ. ಏಕೆ ಕೊಡಲಿಲ್ಲವೆಂಬುದನ್ನು ದಾನಿಗಳಿಗೂ ಪೋಷಕರಿಗೂ ಅರಿಕೆ ಮಾಡಿಕೊಳ್ಳುವುದು ನಮ್ಮ ಕರ್ತವ್ಯವಾಗಿರುತ್ತದೆ. ಅದನ್ನು ಹೇಳಹೊರಟರೆ ಅದೇ ಒಂದು ಪಾಠವಾಗುವುದರಿಂದ ಪಾಠದ ಕ್ರಮದಲ್ಲಿಯೇ ಹೇಳುತ್ತೇವೆ.

ನಡೆದ ಸಂಗತಿಯು ಇಷ್ಟು. ಯಂತ್ರಗಳು ಕೆಟ್ಟಿರಲಿಲ್ಲ. ಕೀಲಿಮಣೆಗಳ ಮೇಲಿನ ಅಕ್ಷರಗಳು ಸವೆದಿದ್ದುವೇ ಹೊರತು ಬೇರೆ ಯಾವ ಊನವೂ ಇರಲಿಲ್ಲ. ಆದರೆ ಅವುಗಳೊಳಗಿದ್ದ ಕಾರ್ಯಾಚರಣಾ ವ್ಯವಸ್ಥೆಗೆ ಇನ್ನು ಮುಂದೆ ತಿದ್ದುಪಡಿಗಳು ಬರುವುದಿಲ್ಲವೆಂದೂ, ಅದರ ಹೊಸ ಆವೃತ್ತಿಯು ಇಷ್ಟು ಹಳೆಯ ಯಂತ್ರಗಳ ಮೇಲೆ ಕೂರುವುದಿಲ್ಲವೆಂದೂ, ಆದುದರಿಂದ ಎಲ್ಲವನ್ನೂ ಬದಲಾಯಿಸುವುದೇ ಮಾರ್ಗವೆಂದೂ ದುರಸ್ತಿಗೆ ಬಂದವರು ತಿಳಿಸಿದರು. ಅವರು ಬರೆದುಕೊಟ್ಟ ಮೊತ್ತವು ನಮ್ಮ ಪುಸ್ತಕಭಂಡಾರ, ಪ್ರಯೋಗಶಾಲೆ, ಆಟೋಟ ಈ ಮೂರರ ಎರಡು ವರ್ಷಗಳ ಖರ್ಚನ್ನೂ ಮೀರಿತ್ತು. ನಾವು ಆ ಕಾಗದವನ್ನು ಮೇಜಿನ ಒಳಗಿಟ್ಟು, ಮೊದಲು ವಿಷಯವನ್ನು ಕಲಿಯೋಣವೆಂದು ನಿಶ್ಚಯಿಸಿದೆವು. ಕಲಿತುದನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

೧. ಕಾರ್ಯಾಚರಣಾ ವ್ಯವಸ್ಥೆ

ನಮ್ಮ ಬೋರ್ಡಿಂಗಿನಲ್ಲಿ ಇದ್ದವರಿಗೆ ಇದನ್ನು ತಿಳಿಸುವುದು ಸುಲಭ. ಬೋರ್ಡಿಂಗಿನ ಮೇಟ್ರನ್ನರು ತಾವು ಪಾಠ ಹೇಳುವುದಿಲ್ಲ, ಅಡಿಗೆಯನ್ನೂ ಮಾಡುವುದಿಲ್ಲ. ಆದರೂ ಸ್ನಾನದ ಸರದಿ ಯಾರದು, ಯಾರ ಪೆಟ್ಟಿಗೆ ಎಲ್ಲಿರಬೇಕು, ಉಗ್ರಾಣದ ಬೀಗದ ಕೈ ಯಾರಿಗೆ ಸಲ್ಲಬೇಕು, ಹೊರಗಿನವರು ಬಂದರೆ ಒಳಗೆ ಬಿಡಬಹುದೋ ಬಿಡಕೂಡದೋ ಇವೆಲ್ಲವೂ ಅವರಿಂದಲೇ ನಡೆಯತಕ್ಕದ್ದು. ಅವರು ಒಂದು ದಿನ ಇಲ್ಲದಿದ್ದರೆ ನೂರು ಹುಡುಗಿಯರು ಒಂದೇ ನಲ್ಲಿಯ ಮುಂದೆ ನಿಲ್ಲುವರು. ಕಂಪ್ಯೂಟರಿನಲ್ಲಿ ಕಾರ್ಯಾಚರಣಾ ವ್ಯವಸ್ಥೆಯ ಕೆಲಸವೂ ಇಂಥದೇ. ಬರೆಯುವ, ಲೆಕ್ಕ ಮಾಡುವ, ಚಿತ್ರ ತೋರಿಸುವ ತಂತ್ರಾಂಶಗಳೆಲ್ಲ ಯಂತ್ರದ ನೆನಪನ್ನೂ ಕಾಲವನ್ನೂ ಹಂಚಿಕೊಳ್ಳುವುದು ಅದರ ಅಪ್ಪಣೆಯಿಂದ. ವಿಂಡೋಸ್, ಮ್ಯಾಕ್ ಓಎಸ್, ಆಂಡ್ರಾಯ್ಡ್, ಲಿನಕ್ಸ್ ಮೊದಲಾದವು ಇಂಥ ವ್ಯವಸ್ಥೆಗಳ ಹೆಸರುಗಳು.

೨. ಉಡುಪು ಮತ್ತು ನಮೂನೆ

ಹೊಲಿಗೆಯ ತರಗತಿಯನ್ನು ನೆನೆದುಕೊಳ್ಳಿರಿ. ಅಂಗಡಿಯಲ್ಲಿ ಕೊಂಡ ರವಿಕೆಯು ಕೈಗೆ ಸಿದ್ಧವಾಗಿ ಬರುತ್ತದೆ. ಅದನ್ನು ಕತ್ತರಿಸಿದ ಕಾಗದದ ನಮೂನೆಯು ಅಂಗಡಿಯವನಲ್ಲಿಯೇ ಉಳಿಯುತ್ತದೆ. ತೋಳು ಬಿಗಿಯಾದರೆ ಅವನ ಬಳಿಗೇ ಹೋಗಬೇಕು. ಅವನು ಅಂಗಡಿ ಮುಚ್ಚಿದರೆ ರವಿಕೆಯು ಪೆಟ್ಟಿಗೆ ಸೇರುತ್ತದೆ. ಇನ್ನೊಬ್ಬನು ಉಡುಪಿನೊಡನೆ ನಮೂನೆಯನ್ನೂ ಕೊಟ್ಟು, ಹೊಲಿಗೆಯ ಒಳಗೆ ಬಿಡಿಸಲು ಬಟ್ಟೆಯನ್ನೂ ಬಿಟ್ಟು, "ಬೇಕಾದಂತೆ ತಿದ್ದಿಕೊಳ್ಳಿ, ನೆರೆಯವರಿಗೂ ಕೊಡಿ" ಎನ್ನುತ್ತಾನೆ ಎಂದುಕೊಳ್ಳೋಣ. ಹೊಲಿಯಲು ಬಾರದವಳಿಗೂ ಇದರಿಂದ ಪ್ರಯೋಜನವುಂಟು. ಏಕೆಂದರೆ ಅವಳು ಆ ನಮೂನೆಯನ್ನು ಊರಿನ ಯಾವ ದರ್ಜಿಯ ಬಳಿಗಾದರೂ ಒಯ್ಯಬಹುದು.

ತಂತ್ರಾಂಶಕ್ಕೂ ಹೀಗೆಯೇ ಎರಡು ರೂಪಗಳುಂಟು. ಮನುಷ್ಯರು ಬರೆದು ಮನುಷ್ಯರು ಓದಬಲ್ಲ ರೂಪಕ್ಕೆ ಆಕರ ಸಂಕೇತವೆಂದು ಹೆಸರು; ಇದು ನಮೂನೆ. ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ಅಂಕೆಗಳಾಗಿ ಮಾರ್ಪಡಿಸಿದ ರೂಪವು ಹೊಲಿದ ಉಡುಪು. ಎರಡನೆಯದನ್ನು ಮಾತ್ರ ಕೊಟ್ಟು ಮೊದಲನೆಯದನ್ನು ಮುಚ್ಚಿಡುವುದು ಒಂದು ಪದ್ಧತಿ. ಎರಡನ್ನೂ ಕೊಡುವುದು ಮುಕ್ತ ತಂತ್ರಾಂಶದ ಪದ್ಧತಿ. ಈ ಎರಡನೆಯ ಪದ್ಧತಿಯಲ್ಲಿ ನಾಲ್ಕು ಹಕ್ಕುಗಳು ಮುಖ್ಯವೆನಿಸುತ್ತವೆ: ಯಾವ ಉದ್ದೇಶಕ್ಕಾದರೂ ಬಳಸುವುದು, ಓದಿ ತಿದ್ದುವುದು, ಪ್ರತಿಯನ್ನು ಇತರರಿಗೆ ಹಂಚುವುದು, ತಿದ್ದಿದುದನ್ನೂ ಹಂಚುವುದು.

ಇಂಗ್ಲಿಷಿನಲ್ಲಿ ಬೆಲೆಯಿಲ್ಲದ್ದಕ್ಕೂ ಬಂಧನವಿಲ್ಲದ್ದಕ್ಕೂ 'ಫ್ರೀ' ಎಂಬ ಒಂದೇ ಮಾತಿರುವುದರಿಂದ ಅಲ್ಲಿ ಬಹಳ ಗೊಂದಲವುಂಟಾಯಿತು. ಕನ್ನಡದಲ್ಲಿ ಆ ತೊಡಕಿಲ್ಲ. 'ಉಚಿತ'ವೇ ಬೇರೆ, 'ಮುಕ್ತ'ವೇ ಬೇರೆ. ಉಚಿತವಾಗಿ ಸಿಕ್ಕುವ ಎಷ್ಟೋ ತಂತ್ರಾಂಶಗಳು ಮುಕ್ತವಲ್ಲ. ಮುಕ್ತವಾದುದನ್ನು ಹಣಕ್ಕೆ ಮಾರಲೂ ಅಡ್ಡಿಯಿಲ್ಲ.

೩. ಇತಿಹಾಸ

೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚೀ ಎಂಬವರೂ ಅವರ ಸಂಗಡಿಗರೂ ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ರಚಿಸಲಾರಂಭಿಸಿದರು. ಅದರ ಆಕರ ಸಂಕೇತವು ಹಲವು ವಿಶ್ವವಿದ್ಯಾನಿಲಯಗಳಿಗೆ ದೊರೆತು, ವಿದ್ಯಾರ್ಥಿಗಳ ಒಂದು ಪೀಳಿಗೆಯು ಅದನ್ನು ಓದಿಯೇ ಕಲಿಯಿತು. ಕ್ರಮೇಣ ತಂತ್ರಾಂಶವು ವ್ಯಾಪಾರದ ಸರಕಾಗಲು ನಮೂನೆಗಳು ಬೀಗದೊಳಗೆ ಸೇರಿದುವು.

ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಪ್ರಯೋಗಶಾಲೆಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಎಂಬವರಿಗೆ ಇದರ ಅನುಭವವು ಒಂದು ಮುದ್ರಣಯಂತ್ರದಿಂದ ಆಯಿತು. ಹಳೆಯ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾದಿರುವವರಿಗೆ ತಿಳಿಯುವಂತೆ ಅವರು ಅದರ ತಂತ್ರಾಂಶವನ್ನು ತಿದ್ದಿದ್ದರು. ಹೊಸ ಯಂತ್ರವು ಬಂದಾಗ ಆಕರ ಸಂಕೇತವು ಬರಲಿಲ್ಲ. ಅದು ಇದ್ದವರೊಬ್ಬರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿರುವುದಾಗಿ ಹೇಳಿ ನಿರಾಕರಿಸಿದರು. ಇಂಥ ಅನುಭವಗಳ ಫಲವಾಗಿ ೧೯೮೩ನೇ ಸೆಪ್ಟೆಂಬರಿನಲ್ಲಿ ಸ್ಟಾಲ್ಮನ್ನರು, ಎಲ್ಲರೂ ಓದಬಹುದಾದ ಸಂಪೂರ್ಣ ವ್ಯವಸ್ಥೆಯೊಂದನ್ನು ರಚಿಸುವುದಾಗಿ ಪ್ರಕಟಿಸಿದರು. ಅದಕ್ಕೆ ಗ್ನೂ ಎಂದು ಹೆಸರಾಯಿತು. ೧೯೮೫ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವೂ, ೧೯೮೯ರಲ್ಲಿ ಜಿಪಿಎಲ್ ಎಂಬ ಪರವಾನಿಗೆಯೂ ಹುಟ್ಟಿದುವು. ಈ ಪರವಾನಿಗೆಯ ಮುಖ್ಯ ಷರತ್ತು ಒಂದೇ: ನೀನು ಪಡೆದ ಹಕ್ಕನ್ನು, ನಿನ್ನಿಂದ ಪಡೆಯುವವನಿಗೂ ಕೊಡತಕ್ಕದ್ದು.

ಗ್ನೂ ವ್ಯವಸ್ಥೆಯ ಅನೇಕ ಅಂಗಗಳು ಸಿದ್ಧವಾದರೂ ಅದರ ಒಡಲಿನ ತಿರುಳು ಮಾತ್ರ ಸಿದ್ಧವಾಗಿರಲಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ೨೧ ವರ್ಷದ ಲೀನಸ್ ಟೋರ್ವಾಲ್ಡ್ಸ್ ಎಂಬ ತರುಣನು ೧೯೯೧ನೇ ಆಗಸ್ಟ್ ೨೫ರಂದು, ತಾನೊಂದು ವ್ಯವಸ್ಥೆಯನ್ನು ಹವ್ಯಾಸಕ್ಕಾಗಿ ಬರೆಯುತ್ತಿರುವೆನೆಂದು ತಿಳಿಸಿದನು. ಅದೇ ಲಿನಕ್ಸ್. ಮೊದಲ ಆವೃತ್ತಿಯಲ್ಲಿ ಸುಮಾರು ೧೦,೦೦೦ ಸಾಲುಗಳಿದ್ದುವು. ೧೯೯೨ರಲ್ಲಿ ಅದನ್ನು ಜಿಪಿಎಲ್ ಪರವಾನಿಗೆಗೆ ಒಳಪಡಿಸಿದುದರಿಂದ, ಜಗತ್ತಿನ ಯಾರಾದರೂ ತಿದ್ದಿ ಸೇರಿಸುವ ದಾರಿಯು ಗಟ್ಟಿಯಾಯಿತು. ಗ್ನೂ ಅಂಗಗಳೂ ಲಿನಕ್ಸ್ ತಿರುಳೂ ಕೂಡಿ ಬಳಕೆಗೆ ಯೋಗ್ಯವಾದ ವ್ಯವಸ್ಥೆಗಳಾದುವು. ೧೯೯೩ರಲ್ಲಿ ಡೆಬಿಯನ್, ೨೦೦೪ರಲ್ಲಿ ಉಬುಂಟು ಎಂಬವು ಹೊರಟುವು. ೨೦೦೮ರಿಂದ ಮಾರುಕಟ್ಟೆಗೆ ಬಂದ ಆಂಡ್ರಾಯ್ಡ್ ಫೋನುಗಳ ತಿರುಳೂ ಲಿನಕ್ಸೇ. ೨೦೧೭ನೇ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ಶಕ್ತಿಶಾಲಿಯಾದ ೫೦೦ ಕಂಪ್ಯೂಟರುಗಳ ಪಟ್ಟಿಯಲ್ಲಿರುವುವೆಲ್ಲ ಲಿನಕ್ಸಿನಿಂದಲೇ ನಡೆಯುತ್ತಿವೆ.

೪. ಪೋಷಕರ ಸಭೆ

ಇದನ್ನೆಲ್ಲ ತಿಳಿದ ಮೇಲೆ, ನಮ್ಮ ಯಂತ್ರಗಳಿಗೆ ಲಿನಕ್ಸನ್ನು ಹಾಕುವ ಆಲೋಚನೆಯನ್ನು ಪೋಷಕರ ಸಭೆಯ ಮುಂದಿಟ್ಟೆವು. ಹಿಂದಿನ ಸಾಲಿನಲ್ಲಿದ್ದ ಒಬ್ಬ ತಂದೆಯವರು ಎದ್ದು, "ಮೇಡಂ, ಆಫೀಸುಗಳಲ್ಲೆಲ್ಲ ಇರುವುದು ವಿಂಡೋಸ್. ಬೇರೆ ಶಾಲೆಯ ಮಕ್ಕಳು ಅದನ್ನು ಕಲಿತು ಕೆಲಸ ಹಿಡಿಯುವಾಗ ನಮ್ಮ ಮಕ್ಕಳು ಹಿಂದೆ ಬೀಳಬೇಕೆ? ಬಡವರ ಮಕ್ಕಳೆಂದು ಹಳೆಯದನ್ನೇ ಸವರಿ ಕೊಡುತ್ತೀರಾ?" ಎಂದು ಕೇಳಿದರು. ಪ್ರಶ್ನೆಯು ಕಟುವಾಗಿದ್ದರೂ ನ್ಯಾಯವಾದುದಾಗಿತ್ತು. ತಕ್ಷಣ ಉತ್ತರ ಹೇಳಲು ನಮಗೆ ತೋಚಲಿಲ್ಲ.

ಉತ್ತರ ಕೊಟ್ಟವರು ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ. ಅವರು ಹೊಲಿಗೆಯಿಂದ ಸಂಸಾರ ನಡೆಸುತ್ತಿರುವವರು. "ಅಣ್ಣಾ, ನಾನು ಕಾಲಲ್ಲಿ ತುಳಿಯುವ ಮೆಷಿನ್ನಿನಲ್ಲಿ ಕಲಿತವಳು. ಈಗ ಹೊಲಿಯುವುದು ಕರೆಂಟಿನ ಮೆಷಿನ್ನಿನಲ್ಲಿ. ಅಳತೆ, ಕತ್ತರಿ, ಹೊಲಿಗೆ ಬಂದವಳಿಗೆ ಮೆಷಿನ್ನು ಬದಲಾದರೆ ಎರಡು ದಿನದ ಕಷ್ಟ. ಅದು ಬಾರದವಳಿಗೆ ಎಂಥ ಮೆಷಿನ್ನು ಕೊಟ್ಟರೂ ಅಷ್ಟೇ" ಎಂದರು. ನಾವು ತರಬೇತಿಯ ಕಾಲೇಜಿನಲ್ಲಿ ಒಂದು ವರ್ಷ ಓದಿದ ಬೋಧನಾಶಾಸ್ತ್ರದ ಸಾರವನ್ನು ಆ ತಾಯಿ ನಾಲ್ಕು ಮಾತಿನಲ್ಲಿ ಹೇಳಿದರು. ಮೇಲಿನ ಉಡುಪು, ನಮೂನೆಗಳ ಹೋಲಿಕೆಯೂ ನಮಗೆ ಹೊಳೆದುದು ಅವರ ಈ ಮಾತಿನಿಂದಲೇ.

ನೆರೆಯ ಕೇರಳದ ದೃಷ್ಟಾಂತವನ್ನೂ ನಾವು ಸಭೆಗೆ ತಿಳಿಸಿದೆವು. ಅಲ್ಲಿ ೨೦೦೧ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಪ್ರೌಢಶಾಲೆಗಳ ಕಂಪ್ಯೂಟರು ಶಿಕ್ಷಣವನ್ನು ಕ್ರಮವಾಗಿ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ೨೦೧೭ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಮೇಲೂ ಅದೇ ದಾರಿಯನ್ನು ಹಿಡಿದು ನಡೆದಿದೆ. ಭಾರತ ಸರ್ಕಾರವು ೨೦೧೫ರಲ್ಲಿ ತನ್ನ ಇಲಾಖೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯ ಕೊಡಬೇಕೆಂಬ ನೀತಿಯನ್ನು ಹೊರಡಿಸಿತು. ಆದಕಾರಣ ಇದು ಬಡವರಿಗಾಗಿ ಸವರಿದ ಹಳೆಯ ವಸ್ತುವಲ್ಲ. ಆದರೂ ತಂದೆಯವರ ಆತಂಕವನ್ನು ಗೌರವಿಸಿ, ಹತ್ತನೇ ತರಗತಿಯ ಹುಡುಗಿಯರಿಗೆ ವಿಂಡೋಸಿನ ಪರಿಚಯವಾಗುವಂತೆ ಎರಡು ಹೊಸ ಯಂತ್ರಗಳನ್ನು ಇಟ್ಟಿದ್ದೇವೆ.

೫. ನಮ್ಮ ಅನುಭವ

ಲಾಭವನ್ನು ಮಾತ್ರ ಹೇಳಿ ನಷ್ಟವನ್ನು ಮುಚ್ಚಿದರೆ ಪಾಠವು ಅರ್ಧವಾದೀತು. ೨೪ ಯಂತ್ರಗಳಲ್ಲಿ ಈಗ ೨೧ ನಡೆಯುತ್ತಿವೆ. ಮೂರನ್ನು ಬಿಡಿಭಾಗಗಳಿಗಾಗಿ ಬಿಚ್ಚಿದ್ದೇವೆ. ಕಚೇರಿಯ ಹಳೆಯ ಸ್ಕ್ಯಾನರು ಹೊಸ ವ್ಯವಸ್ಥೆಯೊಡನೆ ಮಾತನಾಡಲೊಲ್ಲದು. ಲೆಕ್ಕಪತ್ರದ ತಂತ್ರಾಂಶವು ಲಿನಕ್ಸಿನಲ್ಲಿ ನಡೆಯದ ಕಾರಣ ಗುಮಾಸ್ತರ ಯಂತ್ರವನ್ನು ಮುಟ್ಟಲಿಲ್ಲ. ಮೊದಲ ಹದಿನೈದು ದಿನ ಉಪಾಧ್ಯಾಯಿನಿಯರೇ ಹೆಚ್ಚು ಕಷ್ಟಪಟ್ಟರು. ಮಕ್ಕಳು ಮೂರನೆಯ ದಿನಕ್ಕೆ ಒಗ್ಗಿಕೊಂಡರು.

ಒಂದು ತಪ್ಪು ನಮ್ಮದೇ. ಒಂದು ಯಂತ್ರದಲ್ಲಿದ್ದುದನ್ನೆಲ್ಲ ಪ್ರತಿ ತೆಗೆದಾಗಿದೆಯೆಂದು ವಿಚಾರಿಸದೆಯೇ ಅಪ್ಪಣೆ ಕೊಟ್ಟೆವು. ಎಂಟನೇ ತರಗತಿಯವರು ಒಂದು ವರ್ಷ ಬಿಡಿಸಿದ ಚಿತ್ರಗಳು ಅಳಿಸಿಹೋದುವು. ಬೆಳಗಿನ ಪ್ರಾರ್ಥನೆಯಾದ ಮೇಲೆ ಆ ತರಗತಿಯ ಮುಂದೆ ನಿಂತು ಕ್ಷಮೆ ಕೇಳಿದೆವು. ಮಕ್ಕಳು ಕ್ಷಮಿಸಿದರು, ಚಿತ್ರಗಳು ಮರಳಲಿಲ್ಲ. ವ್ಯವಸ್ಥೆಯು ಮುಕ್ತವಾದರೂ ಮುಚ್ಚಿದುದಾದರೂ ಪ್ರತಿ ತೆಗೆದಿಡುವುದು ಮನುಷ್ಯರ ಕೆಲಸವೆಂಬುದನ್ನು ಹೀಗೆ ಕಲಿತೆವು.

ಇನ್ನೊಂದು ಸಂಗತಿಯು ಹಳೆಯ ವಿದ್ಯಾರ್ಥಿನಿಯರಿಗೆ ಪ್ರಿಯವಾದೀತು. ಹಿಂದಿನ ಒಂದು ಸ್ಮರಣ ಸಂಚಿಕೆಯ ಬರಹಗಳನ್ನೂ ಹಳೆಯ ವಿದ್ಯಾರ್ಥಿನಿಯರ ಹೆಸರುಗಳ ಪಟ್ಟಿಯನ್ನೂ ಆಗ ಬಳಕೆಯಲ್ಲಿದ್ದ ಒಂದು ಖಾಸಗಿ ಕನ್ನಡ ಅಕ್ಷರಶೈಲಿಯಲ್ಲಿ ಟೈಪು ಮಾಡಿಟ್ಟಿದ್ದೆವು. ಆ ಕಾಲದ ಕೆಲವು ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದುವು. ಆ ಶೈಲಿಯಿಲ್ಲದೆ ಕಡತವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚುಗಳು ಮಾತ್ರ ಕಾಣುವುವು. ನಮಗೆ ಕಂಡುದೂ ಅಷ್ಟೇ. ನಿಮ್ಮ ಹೆಸರುಗಳು ನಮ್ಮಲ್ಲಿಯೇ ಇದ್ದುವು, ಓದಲು ಮಾತ್ರ ಬರುತ್ತಿರಲಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬಹಿರಂಗವಾದ ಸಂಖ್ಯೆಗಳನ್ನು ಗೊತ್ತುಮಾಡಿದ ಯೂನಿಕೋಡ್ ಎಂಬ ಕ್ರಮದ ಮೊದಲ ಆವೃತ್ತಿಯು ೧೯೯೧ರಲ್ಲಿಯೇ ಹೊರಟಿತ್ತು, ಅದರಲ್ಲಿ ಕನ್ನಡವೂ ಸೇರಿತ್ತು; ಆದರೆ ಅದು ನಮ್ಮಂಥವರ ಮೇಜಿನವರೆಗೆ ಬರಲು ಬಹುಕಾಲ ಹಿಡಿಯಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಧನವನ್ನು ಕನ್ನಡಿಗರೇ ರಚಿಸಿ ಆಕರ ಸಂಕೇತದೊಡನೆ ಎಲ್ಲರಿಗೂ ಬಿಟ್ಟಿರುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಕಂಡು, ಅದು ನಮ್ಮ ಕಡತದಲ್ಲಿ ತಪ್ಪಿದ ಕೆಲವು ಒತ್ತಕ್ಷರಗಳಿಗೆ ತಾವೇ ತಿದ್ದುಪಡಿ ಬರೆದರು. ಆಕರ ಸಂಕೇತವು ಮುಚ್ಚಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ. ಪಟ್ಟಿಯು ಈಗ ಪುಸ್ತಕಭಂಡಾರದಲ್ಲಿದೆ. ಬಂದು ನಿಮ್ಮ ಹೆಸರನ್ನು ನೋಡಬಹುದು.

ಲಿನಕ್ಸಿನೊಡನೆ ದೊರೆಯುವ 'ಗುಬ್ಬಿ', 'ನವಿಲು' ಎಂಬ ಮುಕ್ತ ಕನ್ನಡ ಅಕ್ಷರಶೈಲಿಗಳ ಹೆಸರನ್ನು ಕೇಳಿಯೇ ನಮ್ಮ ಮಕ್ಕಳು ಹಿಗ್ಗಿದರು. ತೆರೆಯ ಮೇಲಿನ ಆಜ್ಞೆಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿರುವರಾದರೂ ಅದು ಪೂರ್ತಿಯಾಗಿಲ್ಲ. ಕೆಲವು ಮಾತುಗಳು ನಾಲಗೆಗೆ ತೊಡಕು. ಒಂಬತ್ತನೇ ತರಗತಿಯ ಹುಡುಗಿಯರು ಅಂಥ ಮಾತುಗಳ ಪಟ್ಟಿ ಮಾಡಿ, ಕನ್ನಡ ಪಂಡಿತರೊಡನೆ ಚರ್ಚಿಸಿ, ತಿದ್ದುಪಡಿಗಳನ್ನು ಕಳುಹಿಸಿದ್ದಾರೆ. ಅವುಗಳಲ್ಲಿ ಕೆಲವನ್ನು ಒಪ್ಪಿಕೊಂಡ ಸುದ್ದಿ ಬಂದ ದಿನ ತರಗತಿಯಲ್ಲಿ ಶಿಸ್ತನ್ನು ಕಾಪಾಡುವುದು ಕಷ್ಟವಾಯಿತು.

೬. ಈ ಕಾಲದ ವಾದವಿವಾದಗಳು

ಈ ಪದ್ಧತಿಯ ಒಳಗೂ ಜಗಳಗಳಿಲ್ಲದೆ ಇಲ್ಲ. ಬಲ್ಲವರು ಇಂದು ಚರ್ಚಿಸುವ ನಾಲ್ಕು ವಿಷಯಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೊದಲನೆಯದು ಹೆಸರಿನ ವಿವಾದ. ೧೯೯೮ರಲ್ಲಿ ಕ್ರಿಸ್ಟೀನ್ ಪೀಟರ್ಸನ್ ಎಂಬ ಮಹಿಳೆಯು 'ಓಪನ್ ಸೋರ್ಸ್', ಅಂದರೆ ಮುಕ್ತ ಆಕರ ಎಂಬ ಹೆಸರನ್ನು ಸೂಚಿಸಿದರು. ವ್ಯಾಪಾರಸ್ಥರಿಗೂ ಇದು ರುಚಿಸಿತು. ಸ್ಟಾಲ್ಮನ್ನರಾದರೋ, ಈ ಹೆಸರಿನಿಂದ ಉಪಯೋಗದ ಮಾತು ಉಳಿದು ಹಕ್ಕಿನ ಮಾತು ಮರೆಯಾಗುವುದೆಂದು ಆಕ್ಷೇಪಿಸಿದರು. ಈ ಚರ್ಚೆಯು ಇನ್ನೂ ಮುಗಿದಿಲ್ಲ.

ಎರಡನೆಯದು, ಎಲ್ಲರಿಗೂ ಸೇರಿದುದನ್ನು ಕಾಯುವವರು ಯಾರು ಎಂಬುದು. ಅಂತರಜಾಲದ ಗುಟ್ಟಿನ ವ್ಯವಹಾರಗಳನ್ನು ಕಾಪಾಡುವ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಎರಡು ವರ್ಷ ಅಡಗಿದ್ದ ದೋಷವೊಂದು ೨೦೧೪ನೇ ಏಪ್ರಿಲಿನಲ್ಲಿ ಬಯಲಾಯಿತು. ಜಗತ್ತೆಲ್ಲ ಬಳಸುತ್ತಿದ್ದ ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯಷ್ಟು ಜನ. ೨೦೨೪ನೇ ಮಾರ್ಚಿಯಲ್ಲಿ ಇದಕ್ಕಿಂತ ಘೋರವಾದುದು ಕಂಡಿತು. ಎಕ್ಸ್‌ಜಡ್ ಎಂಬ ಸಣ್ಣ ಸಾಧನವನ್ನು ವರ್ಷಗಟ್ಟಲೆ ಸಾಕಿದ್ದ ಸ್ವಯಂಸೇವಕರೊಬ್ಬರು ದಣಿದಿದ್ದಾಗ, ಸಹಾಯಕನಂತೆ ಬಂದು ಎರಡು ವರ್ಷಕ್ಕೂ ಮೀರಿ ವಿಶ್ವಾಸ ಗಳಿಸಿದವನೊಬ್ಬನು ಅದರಲ್ಲಿ ಕಳ್ಳಬಾಗಿಲನ್ನು ಇಟ್ಟಿದ್ದನು. ಮೈಕ್ರೋಸಾಫ್ಟಿನಲ್ಲಿ ಕೆಲಸದಲ್ಲಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬವರು, ಯಂತ್ರದೊಳಗೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಬೆನ್ನುಹತ್ತಿ ಅದನ್ನು ಕಂಡುಹಿಡಿದರು. ನಮೂನೆಯು ತೆರೆದಿದ್ದರೆ ಸಾಲದು, ಓದುವ ಕಣ್ಣುಗಳೂ ಬೇಕೆಂದು ಇದರಿಂದ ತಿಳಿಯತಕ್ಕದ್ದು. ತೆರೆದಿದ್ದುದರಿಂದಲೇ ಅದು ಸಿಕ್ಕಿತೆಂಬುದೂ ಅಷ್ಟೇ ನಿಜ.

ಮೂರನೆಯದು ದೊಡ್ಡ ಕಂಪೆನಿಗಳ ವಿಷಯ. ರೆಡ್ ಹ್ಯಾಟ್ ಕಂಪೆನಿಯು ತನ್ನ ಲಿನಕ್ಸಿನ ಪ್ರತಿರೂಪದಂತಿದ್ದ ಸೆಂಟ್ ಓಎಸ್ ಎಂಬುದನ್ನು ನಿಲ್ಲಿಸುವುದಾಗಿ ೨೦೨೦ರ ಡಿಸೆಂಬರಿನಲ್ಲಿ ಹೇಳಿ, ೨೦೨೩ನೇ ಜೂನಿನಲ್ಲಿ ತನ್ನ ಆಕರ ಸಂಕೇತವು ಸಾರ್ವಜನಿಕರಿಗೆ ದೊರೆಯುವ ದಾರಿಯನ್ನು ಕಿರಿದು ಮಾಡಿತು. ದುಡಿದು ತಿದ್ದಿದವರು ನಾವು, ಹೆಸರು ಬದಲಾಯಿಸಿ ಮಾರುವವರು ಬೇರೆಯವರೆಂದು ಅವರ ವಾದ. ಸಾವಿರಾರು ಜನರ ದುಡಿಮೆಯ ಮೇಲೆ ನಿಂತವರು ಹೀಗೆ ಮಾಡಬಹುದೇ ಎಂದು ಎದುರಾಳಿಗಳ ವಾದ. ಎರಡರಲ್ಲಿಯೂ ಸತ್ಯಾಂಶವುಂಟು.

ನಾಲ್ಕನೆಯದು ಕೃತಕ ಬುದ್ಧಿಮತ್ತೆಯದು. ಅದರ ಯಾವ ರಚನೆಯನ್ನು ಮುಕ್ತವೆನ್ನಬಹುದೆಂಬುದಕ್ಕೆ ಮುಕ್ತ ಆಕರ ಸಂಸ್ಥೆಯವರು ೨೦೨೪ನೇ ಅಕ್ಟೋಬರಿನಲ್ಲಿ ಒಂದು ವ್ಯಾಖ್ಯೆಯನ್ನು ಹೊರಡಿಸಿದರು. ಕಲಿಸಲು ಬಳಸಿದ ಬರಹಗಳನ್ನೆಲ್ಲ ಕೊಡಬೇಕೆಂದು ಅದು ವಿಧಿಸುವುದಿಲ್ಲ. ಅವುಗಳ ಸವಿವರವಾದ ವರ್ಣನೆ ಸಾಕೆನ್ನುತ್ತದೆ. ಬಟ್ಟೆಯನ್ನೇ ತೋರಿಸದೆ, ಇಂಥ ಬಟ್ಟೆಯೆಂದು ಹೇಳಿದರೆ ಸಾಕೇ ಎಂದು ಹಲವರು ಕೇಳುತ್ತಾರೆ. ನಮ್ಮ ಮಕ್ಕಳು ದೊಡ್ಡವರಾಗುವ ವೇಳೆಗೆ ಈ ಪ್ರಶ್ನೆಯೇ ಮುಖ್ಯವಾದೀತೆಂದು ನಮಗೆ ತೋರುತ್ತದೆ.

೭. ಮನೆಯ ಅಭ್ಯಾಸ

ಪಾಠದ ಕೊನೆಗೆ ಪ್ರಶ್ನೆಗಳಿಲ್ಲದಿದ್ದರೆ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದು ನಮ್ಮ ಪಾಠವೆಂದು ನಂಬಲಾರರು. ಆದುದರಿಂದ ಮೂರನ್ನು ಕೊಡುತ್ತೇವೆ. ಮನೆಮಂದಿಯೆಲ್ಲ ಕೂಡಿ ಉತ್ತರಿಸಬಹುದು.

ಒಂದು: ನಿಮ್ಮ ಮನೆಯ ಫೋನಿಗೆ ಅಥವಾ ಕಂಪ್ಯೂಟರಿಗೆ ರಕ್ಷಣೆಯ ತಿದ್ದುಪಡಿಗಳು ಎಲ್ಲಿಯವರೆಗೆ ಬರುತ್ತವೆ? ಲಿನಕ್ಸಿಗೂ ಈ ಗಡುವು ಇದೆಯೆಂಬುದನ್ನು ಮರೆಯಬಾರದು. ಅಲ್ಲಿ ಮುಂದಿನ ಆವೃತ್ತಿಗೆ ಬೆಲೆಯನ್ನು ಕೇಳುವುದಿಲ್ಲ, ಅಷ್ಟೇ.

ಎರಡು: ನಿಮ್ಮ ಮದುವೆಯ ಚಿತ್ರಗಳು, ಮಕ್ಕಳ ಅಂಕಪಟ್ಟಿಗಳು, ತಂದೆತಾಯಿಗಳ ಪತ್ರಗಳು ಎಂಥ ಕಡತಗಳಲ್ಲಿವೆ? ಇಪ್ಪತ್ತು ವರ್ಷದ ಮೇಲೆ ಬೇರೊಂದು ಯಂತ್ರದಲ್ಲಿ ಅವುಗಳನ್ನು ತೆರೆಯಬಹುದೇ? ಎರಡನೆಯ ಪ್ರತಿ ಎಲ್ಲಿದೆ?

ಮೂರು: ಎಸೆಯಬೇಕೆಂದಿರುವ ಹಳೆಯ ಲ್ಯಾಪ್‌ಟಾಪು ನಿಮ್ಮಲ್ಲಿದೆಯೇ? ಇದ್ದರೆ ಮೊದಲು ನಮಗೊಂದು ಮಾತು ತಿಳಿಸಿರಿ.

ಶಾಲೆಯು ನಡೆಯುವ ದಿನಗಳಲ್ಲಿ ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರವರೆಗೆ ಕಂಪ್ಯೂಟರು ಕೊಠಡಿಯು ತಾಯಂದಿರಿಗಾಗಿ ತೆರೆದಿರುತ್ತದೆ. ಕಲಿಸುವವರು ಒಂಬತ್ತನೇ ತರಗತಿಯ ಹುಡುಗಿಯರು. ಸಭೆಯಲ್ಲಿ ಪ್ರಶ್ನೆ ಕೇಳಿದ ತಂದೆಯವರ ಮಗಳೂ ಅವರಲ್ಲೊಬ್ಬಳು. ಕಳೆದ ತಿಂಗಳು ಅವಳು ತಂದೆಯವರನ್ನೂ ಕರೆತಂದು, ಕನ್ನಡದಲ್ಲಿ ಒಂದು ಅರ್ಜಿಯನ್ನು ಟೈಪು ಮಾಡಿಸಿ ಕಳುಹಿಸಿದಳು. ಬಾಗಿಲಿನ ಮೇಲಿನ ಹಿತ್ತಾಳೆಯ ಫಲಕವನ್ನು ಉಜ್ಜಿಸಿದ್ದೇವೆ. ಕೊಟ್ಟವರೆಲ್ಲರೂ ಬಂದು ನೋಡಬೇಕೆಂದು ಕೋರುತ್ತೇವೆ.